ಪುಟ್ಟ ಕೈಗಳಿಗೆ ಮಣ್ಣಿನ ಗಣಪ
ಗಣೇಶ ಚತುರ್ಥಿಗೆ 3ರಿಂದ 5 ವರ್ಷದ ಮಕ್ಕಳಿಂದ ಮೂರ್ತಿ ಮಾಡಿಸುವುದಾದರೆ, ಕಲ್ಲು ಕಸ ಆರಿಸಿ ತೆಗೆದ ಜೇಡಿಮಣ್ಣನ್ನು ಹಿರಿಯರೇ ಮೊದಲು ಚಪಾತಿ ಹಿಟ್ಟಿನ ಹದಕ್ಕೆ ನಾದಿಟ್ಟುಕೊಳ್ಳಬೇಕು. ದೊಡ್ಡ ಉಂಡೆ ಹೊಟ್ಟೆಯಾಗುತ್ತದೆ, ಚಿಕ್ಕದು ತಲೆ. ಅಂಗೈಯಲ್ಲಿ ಹೊಸೆದ ಮಣ್ಣು ಸೊಂಡಿಲು, ಒತ್ತಿ ಚಪ್ಪಟೆ ಮಾಡಿದ ಎರಡು ಬಿಲ್ಲೆಗಳು ಕಿವಿ. ಅಂಟಿಸುವ ಜಾಗವನ್ನು ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಿನಲ್ಲಿ ಕದಡಿದ ಮಣ್ಣನ್ನು ಸವರಿ ಒತ್ತದಿದ್ದರೆ, ಒಣಗುವಾಗ ಸೊಂಡಿಲು ಕಳಚಿ ಬೀಳಬಹುದು. ಕಣ್ಣಿಗೆ ಕಾಳುಮೆಣಸು ಒಪ್ಪುತ್ತದೆಯಾದರೂ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಕ್ಕಳಿದ್ದಲ್ಲಿ ಕಡ್ಡಿಯಿಂದ ಚುಚ್ಚಿದ ಗುಳಿಯೇ ಕ್ಷೇಮ. ಗಣಪ ಓರೆಯಾಗಿ ಕುಳಿತರೆ ದೊಡ್ಡವರು ತಿದ್ದಬಾರದು (ತಿದ್ದಿದ್ದು ಮಗುವಿಗೆ ಕೂಡಲೇ ತಿಳಿಯುತ್ತದೆ). ಬಿರುಕು ಬಿಡದಂತೆ ನೆರಳಿನಲ್ಲಿ ಒಣಗಿಸಿ, ಅರಿಶಿನದ ನೀರಿನಿಂದ ಬಣ್ಣ ಹಚ್ಚಿಸಬೇಕು. ಹಬ್ಬದ ಬಳಿಕ ಬಕೆಟ್ಟಿನ ನೀರಿನಲ್ಲಿ ವಿಸರ್ಜಿಸಿ, ಕರಗಿದ ಮಣ್ಣನ್ನು ಮಗುವಿನ ಕೈಯಿಂದಲೇ ಹೂಕುಂಡಕ್ಕೆ ಸುರಿಸಬಹುದು.