ಮಾರ್ಪಡಿಸಿದ ಜೀಪನ್ನು ಮಾರಬೇಕೆ, ಉಳಿಸಿಕೊಳ್ಳಬೇಕೆ?

ಹಳೆಯ ಮಹೀಂದ್ರಾ ಜೀಪಿಗೋ ಮಾರುತಿ ಜಿಪ್ಸಿಗೋ ದೊಡ್ಡ ಟೈರು, ವಿಂಚು (ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಹಗ್ಗದ ಯಂತ್ರ), ಎತ್ತರಿಸಿದ ಸಸ್ಪೆನ್ಷನ್ ಹಾಕಿಸಿದವರು ಮಾರುವ ಯೋಚನೆ ಬಂದಾಗ ಮೊದಲು ವಿಚಾರಿಸಬೇಕಾದದ್ದು ಬೆಲೆಯನ್ನಲ್ಲ, ಆರ್‌ಸಿಯನ್ನು, ಅಂದರೆ ನೋಂದಣಿ ಪತ್ರವನ್ನು. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ; 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಬದಲಿಸಿದ ಎಂಜಿನ್ನಿನ ನಂಬರು ಆರ್‌ಸಿಯಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಮಾಲೀಕತ್ವದ ವರ್ಗಾವಣೆಗೂ, 15 ವರ್ಷ ತುಂಬಿದ ಮೇಲಿನ ನೋಂದಣಿ ನವೀಕರಣಕ್ಕೂ ತೊಡಕಾಗುತ್ತದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಪರಿಹಾರ ಕೇಳುವಾಗ ಅಡ್ಡ ಬರಬಹುದು.

ಕಾಗದ ಸರಿಯಿದ್ದರೆ ಚಾಸಿಯ (ಗಾಡಿಯ ಅಡಿಚೌಕಟ್ಟಿನ) ಕೆಳಗೆ ಟಾರ್ಚು ಹಿಡಿದು ಮಲಗಿ ನೋಡಿ. ಮಲೆನಾಡಿನ ಮಳೆ, ಕೆಸರು ಕಂಡ ಗಾಡಿಯಲ್ಲಿ ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್ಟಿನ ಸಂದಿಯಲ್ಲಿ ಮಣ್ಣು ಕಟ್ಟಿಕೊಂಡು ಒಳಗಿನಿಂದ ತುಕ್ಕು ತಿನ್ನುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಲೋಹದ ಗಟ್ಟಿ ಸದ್ದಿನ ಬದಲು ಮಂಕು ಸದ್ದು ಬಂದು ಪುಡಿ ಉದುರಿದರೆ, ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ದೊಡ್ಡ ಖರ್ಚು ಕಾದಿದೆಯೆಂದು ತಿಳಿಯಬೇಕು.

ಮಾರ್ಪಾಡಿಗೆ ಸುರಿದ ಹಣ ಪೂರ್ತಿ ಮರಳುವುದು ಅಪರೂಪ. ಆದ್ದರಿಂದ ಮಾರುವುದಾದರೆ ಮೂಲ ಬಿಡಿಭಾಗಗಳನ್ನೇ ಮತ್ತೆ ಜೋಡಿಸಿ, ವಿಂಚು, ಟೈರುಗಳನ್ನು ಬೇರೆಯಾಗಿ ಮಾರುವುದು ಲೇಸು, ಮತ್ತು ಏನೇನು ಬದಲಾಗಿತ್ತೆಂಬುದನ್ನು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಲೇಬೇಕು. ಎಸ್ಟೇಟಿನ ಏರುದಾರಿಯಲ್ಲಿ ಮಳೆಗಾಲವಿಡೀ ದುಡಿಯುವ ಗಾಡಿಯಾದರೆ, ದಾಖಲೆಯೂ ಚಾಸಿಯೂ ನೆಟ್ಟಗಿರುವವರೆಗೆ ಉಳಿಸಿಕೊಳ್ಳುವುದೇ ಸರಿಯೆಂದು ನನ್ನ ಖಚಿತ ಅಭಿಪ್ರಾಯ.