ಗೋಲ್ಡ್‌ಫಿಶ್ ಮೇಲೆ ಬಂದು ಒದ್ದಾಡುತ್ತಿದ್ದದ್ದು ನಿಂತಿದ್ದು ಹೀಗೆ

ಹೊಸ ಟ್ಯಾಂಕಿನ ನೀರು ಮಬ್ಬಾಗಿತ್ತು. ಗೋಲ್ಡ್‌ಫಿಶ್‌ಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ಮೀನಿಗೆ ವಿಷವಾದ ಅಮೋನಿಯಾ ಜಾಸ್ತಿ! ಈ ಮೀನು ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ. ಆ ಗಲೀಜಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪಾಪ, ಮೀನು ಅಲ್ಲಿಯವರೆಗೆ ತಡೆಯಬೇಕಲ್ವಾ?

ದಿನಾ ಕಾಲು ಭಾಗ ನೀರು ಬದಲಿಸಿದೆ. ನಲ್ಲಿ ನೀರಿಗೆ ಮೊದಲೇ ಆಂಟಿ-ಕ್ಲೋರಿನ್ ಹನಿ ಹಾಕುತ್ತಿದ್ದೆ. ಆಹಾರ ಕಡಿಮೆ ಮಾಡಿ, ಏರ್ ಪಂಪನ್ನು ಹಗಲೂ ರಾತ್ರಿ ಓಡಿಸಿದೆ. ನಿಜಕ್ಕೂ ಕೈ ಹಿಡಿದದ್ದು ಗೆಳೆಯನ ಹಳೇ ಟ್ಯಾಂಕಿನ ಸ್ಪಂಜ್. ಅದರಲ್ಲಿ ಬ್ಯಾಕ್ಟೀರಿಯಾ ಆಗಲೇ ಬೆಳೆದಿತ್ತು. ಅದನ್ನು ನಮ್ಮ ಫಿಲ್ಟರಿಗೆ ಸೇರಿಸಿದ ಮೇಲೆ ಅಮೋನಿಯಾ ಇಳಿಯುತ್ತಾ ಸೊನ್ನೆಗೆ ಬಂತು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ. ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.