ಮುಟ್ಟದೆ ಕೊಳ್ಳುವ ಸೀರೆ: ಇಳಕಲ್ಲಿನ ಅಂಗಡಿ ವಾಟ್ಸ್‌ಆ್ಯಪ್‌ಗೆ ಬಂದ ನನ್ನ ಅನುಭವ

ಇಳಕಲ್ ಸೀರೆ ಕೊಳ್ಳಲು ಬಂದವರು ಮೊದಲು ಸೆರಗು ಬಿಡಿಸಿ ನೋಡುತ್ತಾರೆ, ಆಮೇಲೆ ದಡಿಯ (ಅಂಚಿನ) ಮೇಲೆ ಕೈಯಾಡಿಸುತ್ತಾರೆ, ಕೊನೆಗೆ ಒಡಲನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತಾರೆ. ನಮ್ಮ ಅಂಗಡಿಯ ಗಾದಿಯ ಮೇಲೆ ಕೂತು ಹೀಗೆ ಆರಿಸುವವರು ಇವತ್ತಿಗೂ ಬರುತ್ತಾರೆ. ಆದರೆ ವ್ಯಾಪಾರದ ದೊಡ್ಡ ಪಾಲು ಈಗ ಸೀರೆಯನ್ನು ಮುಟ್ಟದವರ ಜೊತೆಗೇ ನಡೆಯುತ್ತದೆ. ಅವರು ಪುಣೆಯಲ್ಲಿರುತ್ತಾರೆ, ಸೊಲ್ಲಾಪುರದಲ್ಲಿರುತ್ತಾರೆ, ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿರುತ್ತಾರೆ. ಮುಟ್ಟಿ ತಿಳಿಯಬೇಕಾದ ಸರಕನ್ನು ಫೋನಿನಲ್ಲಿ ಪ್ರಾಮಾಣಿಕವಾಗಿ ಮಾರುವುದು ಹೇಗೆ ಎಂಬುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು. ಇದೇ ದಾರಿಯಲ್ಲಿ ಹೊರಟಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲಿನ ವ್ಯವಸ್ಥೆಯಲ್ಲಿ ನೇಕಾರರು ಮಗ್ಗದಿಂದ ಇಳಿಸಿದ ಸೀರೆ ನಮ್ಮಂಥ ಅಂಗಡಿಗೆ ಬಂದು, ಅಲ್ಲಿಂದ ಗಂಟು ಕಟ್ಟಿಸಿಕೊಂಡು ಸಗಟು ವ್ಯಾಪಾರಿಗೆ ಹೋಗುತ್ತಿತ್ತು. ಮಹಾರಾಷ್ಟ್ರದಲ್ಲಿ ಇದಕ್ಕೆ ‘ಇರಕಲ್’ ಅನ್ನುತ್ತಾರೆ. ಅಲ್ಲಿಯ ಬೇಡಿಕೆಯ ಮೇಲೆ ಎಷ್ಟೋ ಮಗ್ಗಗಳು ನಡೆದಿವೆ. ಸೀರೆ ಉಟ್ಟವರು ಯಾರು, ಯಾವ ಬಣ್ಣ ಕೇಳಿ ಸಿಗದೆ ವಾಪಸು ಹೋದರು ಎನ್ನುವುದು ನಮಗೇ ಗೊತ್ತಾಗುತ್ತಿರಲಿಲ್ಲ, ಇನ್ನು ನೇಕಾರರಿಗೆ ಎಲ್ಲಿಂದ ಗೊತ್ತಾಗಬೇಕು? 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ, ನಮ್ಮೂರಿನಿಂದ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಮೆಸೇಜು ಬರತೊಡಗಿತು. “ಅಕ್ಕಾರ, ಪಂಚಮಿಗೆ ಒಂದ್ ಸೀರಿ ಬೇಕಿತ್ತು, ಫೋಟೊ ಕಳಸ್ರಿ.” ನಮ್ಮ ಮೊದಲ ಆನ್‌ಲೈನ್ ಗಿರಾಕಿಗಳು ಇವರೇ. 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂತು. ಅಂಗಡಿಗೆಂದೇ ಬೇರೆ ಸಿಮ್ ತೆಗೆದುಕೊಂಡು ಅದರಲ್ಲಿ ಶುರು ಮಾಡಿದೆ. 2020ರ ಲಾಕ್‌ಡೌನ್ ಹೊತ್ತಿಗೆ ಅಂಗಡಿಯ ಬಾಗಿಲು ಮುಚ್ಚಿತ್ತು, ನೇಕಾರರ ಮನೆಗಳಲ್ಲಿ ಮಡಿಚಿಟ್ಟ ಸೀರೆ ಹಾಗೇ ಉಳಿದಿತ್ತು. ಆಗ ನಮ್ಮ ಕೈ ಹಿಡಿದದ್ದು ಆ ನಂಬರೇ.

ಇಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಬಣ್ಣದ್ದು. ದಾಳಿಂಬರಿ ಕೆಂಪನ್ನು ಟ್ಯೂಬ್‌ಲೈಟ್ ಕೆಳಗೆ ಫೋಟೊ ತೆಗೆದರೆ ಕಿತ್ತಳೆಯ ಕಡೆ ವಾಲುತ್ತದೆ. ನವಿಲು ಬಣ್ಣ ಬರೀ ನೀಲಿಯಾಗಿ ಬಿಡುತ್ತದೆ. ಬಿಸಿಲಿಗಿಟ್ಟರೆ ರೇಷ್ಮೆಯ ಸೆರಗು ಹೊಳೆದು ನೇಯ್ಗೆಯೇ ಕಾಣುವುದಿಲ್ಲ. ಹಾಗಾಗಿ ಫೋಟೊ ತೆಗೆಯುವುದು ಬೆಳಗಿನ ಹೊತ್ತು, ಪಡಸಾಲೆಯ ನೆರಳಿನಲ್ಲಿ ಮಾತ್ರ. ಫೋನು ತಾನಾಗಿಯೇ ಬಣ್ಣ ಏರಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡುತ್ತೇನೆ, ಫಿಲ್ಟರ್ ಅಂತೂ ಹಾಕುವುದೇ ಇಲ್ಲ. ಸೀರೆಯ ಒಂದು ಮೂಲೆಗೆ ಬಿಳಿ ಅರಿವೆಯ ತುಂಡು ಇಡುತ್ತೇನೆ. ಫೋಟೊದಲ್ಲಿ ಆ ಬಿಳಿ ಹಳದಿಗೆ ತಿರುಗಿದ್ದರೆ ಉಳಿದ ಬಣ್ಣವೂ ಸುಳ್ಳೇ. ಆ ಫೋಟೊ ಅಳಿಸಿ ಇನ್ನೊಂದು ತೆಗೆಯುತ್ತೇನೆ.

ಇಷ್ಟಾದರೂ ಅವರ ಫೋನಿನ ಪರದೆ ನಮ್ಮ ಕೈಯಲ್ಲಿಲ್ಲ. ಒಬ್ಬರ ಫೋನಿನ ಹಸಿರು ಇನ್ನೊಬ್ಬರ ಫೋನಿನಲ್ಲಿ ಬೇರೆಯೇ ಕಾಣುತ್ತದೆ. ಇದಕ್ಕೆ ನಮ್ಮ ಅತ್ತೆಯವರು ಹೇಳಿಕೊಟ್ಟ ಉಪಾಯವೇ ಇವತ್ತಿಗೂ ನಡೆದಿದೆ. ಹಸಿರು ಸೀರೆಯ ಪಕ್ಕ ಒಂದು ವೀಳ್ಯದೆಲೆ ಇಟ್ಟು ತೆಗೆಯುತ್ತೇವೆ, ಕೆಂಪಿನ ಪಕ್ಕ ಕುಂಕುಮದ ಭರಣಿ, ಹಳದಿಯ ಪಕ್ಕ ಅರಿಶಿನದ ಕೊಂಬು. ವೀಳ್ಯದೆಲೆಯ ಹಸಿರು ಹೇಗಿರುತ್ತದೆ ಎನ್ನುವುದು ನೋಡುವವರಿಗೆ ಮೊದಲೇ ಗೊತ್ತು. ಪರದೆ ಎಲೆಯ ಬಣ್ಣವನ್ನು ಎಷ್ಟು ಬದಲಿಸಿದೆಯೋ ಸೀರೆಯದನ್ನೂ ಅಷ್ಟೇ ಬದಲಿಸಿದೆ ಎಂದು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಕೇಳುವವರಿಗೆ ಇದು ಬಹಳ ಮುಖ್ಯ. ಅಲ್ಲಿ ಗಿಳಿ ಹಸಿರು ಬೇಕೋ ಎಲೆ ಹಸಿರು ಬೇಕೋ ಎಂಬುದರ ಮೇಲೆ ಮನೆಯ ಹಿರಿಯರ ಮಾತು ನಿಂತಿರುತ್ತದೆ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣವಿದ್ದರೆ ಫೋಟೊ ಸಾಲುವುದಿಲ್ಲ. ಮಡಿಕೆ ತಿರುಗಿಸಿದಂತೆ ಬಣ್ಣ ತಿರುಗುತ್ತದೆ. ಅಂಥದ್ದಕ್ಕೆ ಸಣ್ಣ ವಿಡಿಯೊನೇ ಆಗಬೇಕು. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುವುದರಿಂದ ನೂಲಿನ ಎಳೆ ಮಸುಕಾಗುತ್ತದೆ. ಎಚ್‌ಡಿ ಆಯ್ಕೆ ಒತ್ತಿ ಕಳಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ.

ಎರಡನೆಯ ಪ್ರಶ್ನೆ ನಂಬಿಕೆಯದು. ಇಳಕಲ್ ಸೀರೆಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಸಿಕ್ಕ ಕಾನೂನಿನ ಗುರುತು, ಇದೆ, ಆದರೂ ‘ಪ್ಯೂರ್ ಹ್ಯಾಂಡ್‌ಲೂಮ್’ ಎಂದು ಬರೆದು ಪವರ್‌ಲೂಮ್ ಸೀರೆ ಮಾರುವವರು ಫೋನಿನ ತುಂಬ ಇದ್ದಾರೆ. ಪವರ್‌ಲೂಮ್ ಸೀರೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಮ್ಮಲ್ಲೂ ಅದಿದೆ, ಪವರ್‌ಲೂಮ್ ಎಂದು ಹೇಳಿಯೇ ಕೊಡುತ್ತೇವೆ. ಹೆಸರು ಬದಲಿಸಿ ಮಾರಿದರೆ ಮಗ್ಗದ ಮುಂದೆ ಕೂತವರ ಕೂಲಿಯನ್ನು ಕಸಿದಂತೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬಬೇಕಾಗಿಲ್ಲ, ತೋರಿಸಬೇಕು. ನಾನು ತೋರಿಸುವುದು ಕೊಂಡಿ. ಟೋಪ್ ತೆನಿ ಎಂದರೆ ಕೆಂಪು ರೇಷ್ಮೆಯಲ್ಲಿ ಬಿಳಿ ವಿನ್ಯಾಸವಿರುವ ಇಳಕಲ್ಲಿನ ಸೆರಗು. ಕೈಮಗ್ಗದ ಆ ಸೆರಗಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಕೆಂಪು ಎಳೆಯೊಂದಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದಕ್ಕೇ ಸೆರಗಿನ ಕೆಂಪಿನಲ್ಲಿ ಒಡಲಿನ ಬಣ್ಣ ಬೆರೆಯುವುದಿಲ್ಲ. ಮಗ್ಗದ ಮೇಲಿರುವಾಗ ಒಂದು ವಿಡಿಯೊ, ಸೀರೆ ಇಳಿಸಿದ ಮೇಲೆ ಸೆರಗು ಒಡಲು ಕೂಡುವ ಗೆರೆಯನ್ನು ಹಿಂಬದಿಯಿಂದ ತೀರ ಹತ್ತಿರ ಹಿಡಿದು ಇನ್ನೊಂದು ವಿಡಿಯೊ. ಪ್ರತಿ ಕೈಮಗ್ಗದ ಸೀರೆಯ ಜೊತೆಗೂ ಇವೆರಡನ್ನು ಕಳಿಸುತ್ತೇನೆ. ಬೆಲೆ ಯಾಕೆ ಹೆಚ್ಚು ಎಂದು ಕೇಳಿದವರು ಅದನ್ನು ನೋಡಿದ ಮೇಲೆ ಚೌಕಾಸಿ ಬಿಡುತ್ತಾರೆ. ಎಲ್ಲರೂ ಕೊಳ್ಳುತ್ತಾರೆಂದಲ್ಲ, ಕೊಳ್ಳದವರೂ ಕೊಂಡಿ ಅಂದರೇನು ಎಂದು ತಿಳಿದುಕೊಂಡು ಹೋಗುತ್ತಾರೆ. ಅದೂ ನನಗೆ ಬೇಕಾದದ್ದೇ.

ಮಾತಿನ ವಿಷಯ. ಅಂಗಡಿಯಲ್ಲಿ ನಮ್ಮ ಮಾವನವರು ಸೀರೆ ತೋರಿಸುವುದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು. ಯಾರ ಮನೆಯವರು, ಏನು ಕಾರ್ಯ, ಉಡುವವರ ವಯಸ್ಸೆಷ್ಟು, ಆರು ಗಜವೋ ಒಂಬತ್ತು ಗಜವೋ. ಟೈಪ್ ಮಾಡಿದರೆ ಈ ಮಾತು ಒಣಗಿ ಹೋಗುತ್ತದೆ. ‘ಪ್ರೈಸ್?’ ಅಂತ ಅವರು, ಒಂದು ಅಂಕಿ ನಾವು, ಅಲ್ಲಿಗೆ ಮುಗಿಯಿತು. ವಾಯ್ಸ್ ಮೆಸೇಜ್ ಹಿಡಿದ ಮೇಲೆ ಹಳೆಯ ಮಾತು ಮರಳಿ ಬಂತು. ಬೆಲೆ ಕೇಳಿದವರಿಗೆ ಅಂಕಿಯ ಜೊತೆ ಅರ್ಧ ನಿಮಿಷದ ವಾಯ್ಸ್ ಕಳಿಸುತ್ತೇನೆ: ಇದು ಗೋಮಿ ದಡಿ, ಒಡಲು ಹತ್ತಿ, ಸೆರಗು ರೇಷ್ಮೆ, ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಯಾರಿಗೆ ಬೇಕಾಗಿತ್ತು? ಆ ಕೊನೆಯ ಪ್ರಶ್ನೆಗೆ ಉತ್ತರವೂ ವಾಯ್ಸ್‌ನಲ್ಲೇ ಬರುತ್ತದೆ. ಟೈಪಿಂಗ್ ಬಾರದ ಅಜ್ಜಿಯಂದಿರು ಸಹ ಮೊಮ್ಮಗಳ ಫೋನು ಹಿಡಿದು, “ಯವ್ವಾ, ನನಗ ಚಂದ್ರಕಾಳಿ ಬೇಕವ್ವಾ, ಕರೇದು ಛಂದಂಗ ಇರಲಿ” ಅನ್ನುತ್ತಾರೆ. ಮರಾಠಿಯವರ ಜೊತೆ ನಮ್ಮ ಮಾವನವರೇ ಮಾತಾಡುತ್ತಾರೆ. ಗಾದಿಯ ಮೇಲೆ ಕೂತು ಕಲಿತ ಮರಾಠಿ ಈಗ ಫೋನಿನಲ್ಲಿ ದುಡಿಯುತ್ತಿದೆ. ಹೊಸ ಆ್ಯಪ್‌ಗಳು ಎಷ್ಟು ಬಂದರೂ ನಮ್ಮ ವ್ಯಾಪಾರ ಬೆಳೆದದ್ದು ಹಳೆಯ ಮಾತನ್ನು ಅವುಗಳೊಳಗೆ ಕೂರಿಸಿದಾಗಲೇ.

ಗ್ರೂಪ್ ಮಾಡಬೇಕೋ ಬ್ರಾಡ್‌ಕಾಸ್ಟ್ ಮಾಡಬೇಕೋ ಎಂದು ಬಹಳ ಜನ ಕೇಳುತ್ತಾರೆ. ನಾನು ಬ್ರಾಡ್‌ಕಾಸ್ಟ್ ಕಡೆ. ಅದರಲ್ಲಿ ಒಂದೇ ಮೆಸೇಜು ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿ ಇದೆ, ಸಾಲದಿದ್ದರೆ ಇನ್ನೊಂದು ಪಟ್ಟಿ ಮಾಡಬಹುದು. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇದನ್ನು ಕೊರತೆ ಎಂದು ದೂರುವವರಿದ್ದಾರೆ, ನನಗೆ ಅದೇ ಒಳ್ಳೆಯದೆನಿಸುತ್ತದೆ. ನಂಬರ್ ಸೇವ್ ಮಾಡಿಕೊಂಡವರೆಂದರೆ ನಮ್ಮಿಂದ ಕೇಳಬೇಕೆಂದಿರುವವರು. ಗ್ರೂಪಿನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಹೆಣ್ಣುಮಕ್ಕಳೇ ಹೆಚ್ಚಿರುವ ವ್ಯಾಪಾರದಲ್ಲಿ ಅದು ಸರಿಯಲ್ಲ. ವಾರಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಕಳಿಸುವುದಿಲ್ಲ. ಶ್ರಾವಣ, ದಸರಾ, ದೀಪಾವಳಿ, ಮದುವೆಯ ದಿನಗಳಲ್ಲಿ ಮಾತ್ರ ಸ್ವಲ್ಪ ಜಾಸ್ತಿ. ಉಳಿದ ದಿನ ಸ್ಟೇಟಸ್‌ನಲ್ಲಿ ಹಾಕಿದರಾಯಿತು, ಬೇಕಾದವರು ನೋಡುತ್ತಾರೆ.

ಇನ್‌ಸ್ಟಾಗ್ರಾಮ್ ರೀಲ್ಸ್ ಹೊಸಬರನ್ನು ಕರೆತರುತ್ತದೆ, ಅದು ನಿಜ. ಹಾಡು ಹಾಕಿ ಸೀರೆ ಉಟ್ಟು ತಿರುಗುವ ರೀಲ್‌ಗಿಂತ, ಲಾಳಿ ಓಡುವ ಸದ್ದು ಇರುವ ಮಗ್ಗದ ವಿಡಿಯೊಗೆ ನಮ್ಮಲ್ಲಿ ಹೆಚ್ಚು ವಿಚಾರಣೆ ಬಂದಿದೆ. ದುಡ್ಡು ಕೊಟ್ಟು ಬೂಸ್ಟ್ ಮಾಡಿದಾಗ ಲೈಕು ಬಂದವು, ಗಿರಾಕಿಗಳು ಹೆಚ್ಚೇನೂ ಬರಲಿಲ್ಲ. ಆ ದುಡ್ಡಿನಲ್ಲಿ ಹಳೆಯ ಗಿರಾಕಿಗೆ ಹೊಂದುವ ಗುಳೇದಗುಡ್ಡ ಖಣದ ಕುಬಸ (ರವಿಕೆ) ಕಳಿಸುವುದು ವಾಸಿ. ಅವರು ತಮ್ಮ ವಾರಗಿತ್ತಿಗೂ ನಾದಿನಿಗೂ ನಮ್ಮ ನಂಬರ್ ಕೊಡುತ್ತಾರೆ. ಒಂದು ಎಚ್ಚರಿಕೆ: 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ, ಅದರಲ್ಲೇ ಹೆಸರು ಮಾಡಿದ್ದವರು ರಾತ್ರೋರಾತ್ರಿ ಎಲ್ಲ ಕಳೆದುಕೊಂಡರು. ನಮ್ಮ ಗಿರಾಕಿಗಳ ಹೆಸರು, ನಂಬರು, ಅವರಿಗೆ ಇಷ್ಟವಾದ ಬಣ್ಣ, ಯಾವ ಕಾರ್ಯಕ್ಕೆ ಕೊಂಡರು ಎಲ್ಲವೂ ಕಾಗದದ ರಿಜಿಸ್ಟರಿನಲ್ಲಿದೆ. ಆ್ಯಪ್ ಹೋದರೂ ಅದು ಉಳಿಯುತ್ತದೆ.

ದುಡ್ಡಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಯುಪಿಐ ಇಲ್ಲದೆ ಈ ವ್ಯಾಪಾರವೇ ಇಲ್ಲ. ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಳಿಸಬೇಡಿ, ನಕಲಿ ಸ್ಕ್ರೀನ್‌ಶಾಟ್ ಮಾಡುವುದು ಸುಲಭ. ಖಾತೆಗೆ ಜಮಾ ಆದದ್ದನ್ನು ಬ್ಯಾಂಕ್ ಆ್ಯಪ್‌ನಲ್ಲೇ ನೋಡಿ. ಹಣ ತೆಗೆದುಕೊಳ್ಳಲು ಯಾವತ್ತೂ ಪಿನ್ ಒತ್ತಬೇಕಾಗಿಲ್ಲ, ಒತ್ತಿ ಎಂದವರು ಮೋಸಗಾರರು. ಸ್ಪೀಡ್ ಪೋಸ್ಟ್ ಮಾಡಿದ ದಿನವೇ ಟ್ರ್ಯಾಕಿಂಗ್ ನಂಬರ್ ಕಳಿಸಿದರೆ ‘ಎಲ್ಲಿಗೆ ಬಂತು’ ಎಂಬ ಕರೆಗಳು ಅರ್ಧಕ್ಕಿಳಿಯುತ್ತವೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬೋರ್ಡು ಹಾಕಿದವು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಹೊರರಾಜ್ಯಕ್ಕೆ ಮಾರುವವರಿಗೆ ನಿಯಮ ಬೇರೆ. ನಾವು ನೋಂದಣಿ ಮಾಡಿಸಿ ಪ್ರತಿ ಸೀರೆಗೂ ಬಿಲ್ ಹಾಕುತ್ತೇವೆ. ಫೋನಿನ ವ್ಯಾಪಾರ ಶುರುಮಾಡುವ ದಿನವೇ ಲೆಕ್ಕ ಬರೆಯುವವರೊಬ್ಬರನ್ನು ಗೊತ್ತು ಮಾಡಿಕೊಳ್ಳಿ.

ಫೋಟೊ ಕದಿಯುವವರ ಕಾಟ ದೊಡ್ಡದು. ನಮ್ಮ ಪಡಸಾಲೆಯಲ್ಲಿ ತೆಗೆದ ಫೋಟೊವನ್ನೇ ಬೇರೊಂದು ಪುಟ ತನ್ನದೆಂದು ಹಾಕಿ, ಅರ್ಧ ಬೆಲೆ ಬರೆದು, ಪಾಲಿಯೆಸ್ಟರ್ ಸೀರೆ ಕಳಿಸಿದ್ದನ್ನು ಕಂಡಿದ್ದೇನೆ. ಮೋಸ ಹೋದ ಹೆಣ್ಣುಮಗಳು ಫೋಟೊದ ಮೂಲ ಹುಡುಕಿಕೊಂಡು ಬಂದು ನಮಗೇ ಫೋನು ಮಾಡಿ ಅತ್ತಳು. ಆ ಪುಟದ ಮೇಲೆ ರಿಪೋರ್ಟ್ ಮಾಡಿದೆವು. ಪುಟ ಹೋಯಿತು, ಅಂಥವು ಮತ್ತೆ ಹುಟ್ಟುತ್ತಲೇ ಇವೆ. ಫೋಟೊದ ಅಂಚಿನಲ್ಲಿ ಹೆಸರು ಹಾಕಿದರೆ ಕತ್ತರಿಸುತ್ತಾರೆ, ಆದ್ದರಿಂದ ಸೆರಗಿನ ನಟ್ಟನಡುವೆ ತೆಳುವಾಗಿ ಹಾಕುತ್ತೇವೆ. ಹೊಸ ಗಿರಾಕಿಗಳಿಗೆ ದುಡ್ಡು ಹಾಕುವ ಮೊದಲು ವಿಡಿಯೊ ಕಾಲ್ ಮಾಡಿ ಎಂದು ನಾವೇ ಹೇಳುತ್ತೇವೆ. ಸೀರೆ ಕೈಯಲ್ಲಿದ್ದವರು ಮಾತ್ರ ವಿಡಿಯೊ ಕಾಲ್‌ನಲ್ಲಿ ಅದನ್ನು ತಿರುಗಿಸಿ ತೋರಿಸಬಲ್ಲರು.

ಇದೆಲ್ಲದರಿಂದ ಮಗ್ಗಕ್ಕೆ ಏನಾಯಿತು ಎನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಮೊದಲು ಸಗಟು ವ್ಯಾಪಾರಿ ಹೇಳಿದ ಬಣ್ಣವೇ ಮಗ್ಗಕ್ಕೆ ಏರುತ್ತಿತ್ತು. ಈಗ ಗಿರಾಕಿಯ ವಾಯ್ಸ್ ಮೆಸೇಜನ್ನು ನೇಕಾರರ ಮನೆಗೇ ಕಳಿಸುತ್ತೇನೆ. ಹೀಗೆ ಬಂದ ಬೇಡಿಕೆಯಿಂದಲೇ ಗಾಡಿ ಎಂಬ ಮಾದರಿಯ ದಡಿಯ ಕೆಲವು ಹಳೆಯ ಬಣ್ಣದ ಜೋಡಿಗಳು ಮತ್ತೆ ಮಗ್ಗಕ್ಕೆ ಬಂದವು. ಸೀರೆ ಉಟ್ಟವರು ಕಳಿಸಿದ ಫೋಟೊವನ್ನು, ಅವರು ಒಪ್ಪಿದರೆ, ನೇಯ್ದವರಿಗೆ ತೋರಿಸುತ್ತೇನೆ. ಜೀವನವಿಡೀ ನೇಯ್ದು ಒಮ್ಮೆಯೂ ಉಟ್ಟವರ ಮುಖ ನೋಡದವರು ಅವರು. “ನಿರಗಿ ಛಲೋ ಬಿದ್ದಾವ” ಎಂದು ಒಬ್ಬ ಕಾಕಾ ಆ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ಈ ವರ್ಷ ನೇಕಾರರ ಮನೆಯ ಹೆಣ್ಣುಮಕ್ಕಳಿಗೆ ಫೋಟೊ ತೆಗೆಯುವುದು, ಕ್ಯಾಟಲಾಗ್ ಹಾಕುವುದು, ‘ಹಣ ಬಂದಿದೆ’, ‘ಪಾರ್ಸೆಲ್ ಹೋಗಿದೆ’ ಎಂದು ಲೇಬಲ್ ಹಚ್ಚುವುದನ್ನು ಕಲಿಸುತ್ತಿದ್ದೇನೆ. ಗಿರಾಕಿಗಳು ನೇರ ಅವರ ಹತ್ತಿರ ಹೋದರೆ ನಿಮ್ಮ ಅಂಗಡಿಯ ಗತಿ ಏನು ಎಂದು ನಮ್ಮ ಓಣಿಯಲ್ಲೇ ಕೇಳಿದವರಿದ್ದಾರೆ. ಒಂದಷ್ಟು ಗಿರಾಕಿಗಳು ಹೋಗುತ್ತಾರೆ, ಹೋಗಲಿ. ಕೂಲಿ ಸಾಲದೆ ಮಗ್ಗ ಬಿಚ್ಚಿಟ್ಟ ಮನೆಗಳನ್ನು ನಾವು ನೋಡುತ್ತಿದ್ದೇವೆ. ನೇಯುವವರೇ ಇಲ್ಲದ ಊರಿನಲ್ಲಿ ಸೀರೆ ಅಂಗಡಿ ಇಟ್ಟುಕೊಂಡು ಮಾಡುವುದೇನು? ಸದ್ಯ ಕಲಿಯುತ್ತಿರುವ ಹುಡುಗಿಯರಿಗೆ ಅಡ್ಡಿಯಾಗಿರುವುದು ಪಾರ್ಸೆಲ್ ವೆಚ್ಚ. ನಾಲ್ಕಾರು ಮನೆಯ ಸೀರೆಗಳನ್ನು ಒಟ್ಟಿಗೆ ಅಂಚೆಗೆ ಹಾಕಿಸುವ ವ್ಯವಸ್ಥೆಯನ್ನು ನಮ್ಮ ಅಂಗಡಿಯಿಂದಲೇ ಮಾಡಿಕೊಡುವುದೆಂದು ಮಾವನವರೂ ನಾನೂ ಮಾತಾಡಿಕೊಂಡಿದ್ದೇವೆ, ಶ್ರಾವಣದೊಳಗೆ ಶುರುವಾಗಬೇಕು.